ಪಿವಿಐ ಲೆವೆಲ್ 631.250 ಕೊಟ್ಟೆ, ರಸ್ತೆ 631.600 ಬಂತು. ತಪ್ಪು ಎಲ್ಲಿದೆ?

ಹಳ್ಳದ_ದಂಡೆ
ನಮಸ್ಕಾರ ಎಲ್ಲರಿಗೂ. ಹುಬ್ಬಳ್ಳಿಯ ಒಂದು ಸಣ್ಣ ಕನ್ಸಲ್ಟನ್ಸಿಯಲ್ಲಿ ಇದ್ದೇನೆ. ಎರಡು ವರ್ಷ ಸರ್ವೇ ಮಾಡಿದೆ, ಡಿಸೈನ್ ಟೇಬಲ್‌ಗೆ ಬಂದು ಎಂಟು ತಿಂಗಳು. ಈಗ ಅಣ್ಣಿಗೇರಿ ಕಡೆಯ ಒಂದು ಜಿಲ್ಲಾ ಮುಖ್ಯ ರಸ್ತೆ ಕೈಗೆ ಬಂದಿದೆ, ಸುಮಾರು 7 ಕಿಮೀ, ಡಿಸೈನ್ ಸ್ಪೀಡ್ ಗಂಟೆಗೆ 65 ಕಿಮೀ. ಸಿವಿಲ್ 3ಡಿ ಸಾಫ್ಟ್‌ವೇರ್‌ನಲ್ಲಿ ಮಾಡುತ್ತಿದ್ದೇನೆ.

ಚೈನೇಜ್ 3+420ರಲ್ಲಿ (ಅಂದ್ರೆ ರಸ್ತೆ ಶುರುವಿನಿಂದ 3 ಕಿಮೀ 420 ಮೀಟರಿಗೆ) ಒಂದು ಹಳ್ಳ. ಮೇಲೆ 6 ಮೀಟರ್ ಸ್ಲ್ಯಾಬ್ ಕಲ್ವರ್ಟ್ ಇದೆ, ಗಟ್ಟಿ ಇದೆ, ಒಡೆಯೋದು ಬೇಡ ಅಂತ ತೀರ್ಮಾನ ಆಗಿದೆ. ಅಲ್ಲಿ ರಸ್ತೆ ಲೆವೆಲ್ 631.250 ಇರಬೇಕು. ಹಿಂದಿನ ಪಿವಿಐ (ಗ್ರೇಡ್, ಅಂದ್ರೆ ಇಳಿಜಾರು, ಬದಲಾಗುವ ಬಿಂದು) 200 ಮೀಟರ್ ಹಿಂದೆ 634.850, ಮುಂದಿನದು 150 ಮೀಟರ್ ಮುಂದೆ 634.550. ಅಂದ್ರೆ 1.8% ಇಳಿದು 2.2% ಏರುತ್ತದೆ. ಎರಡನ್ನೂ ಕೂಡಿಸುವ ಕರ್ವ್ ಉದ್ದ 70 ಮೀಟರ್ ಕೊಟ್ಟಿದ್ದೇನೆ. ಟೇಬಲ್‌ನಲ್ಲಿ ಪಿವಿಐ 631.250 ಅಂತಲೇ ತೋರಿಸುತ್ತದೆ, ಆದರೆ ಕ್ರಾಸ್ ಸೆಕ್ಷನ್ ತೆಗೆದು ನೋಡಿದರೆ 631.600! 35 ಸೆಂಟಿಮೀಟರ್ ಎಲ್ಲಿಂದ ಬಂತು?

ಇನ್ನೊಂದು ತಲೆನೋವು. 2+900 ಹತ್ತಿರ ಒಬ್ಬರ ಮನೆ ಉಳಿಸಲು ಪಿಐ (ನಕ್ಷೆಯಲ್ಲಿ ರಸ್ತೆಯ ಎರಡು ನೇರ ಗೆರೆ ಕೂಡುವ ಬಿಂದು) ಸರಿಸಿದೆ. ಅಲೈನ್‌ಮೆಂಟ್, ಅಂದ್ರೆ ರಸ್ತೆಯ ನಡುಗೆರೆ, 4.3 ಮೀಟರ್ ಹೆಚ್ಚು ಉದ್ದ ಆಯಿತು. ನೆಲದ ಗೆರೆ ತಾನಾಗೇ ಸರಿಯಿತು, ನನ್ನ ಡಿಸೈನ್ ಗೆರೆ ಮಾತ್ರ ಅಲ್ಲೇ ನಿಂತಿತು. ಈಗ ಕಲ್ವರ್ಟ್ ಒಂದು ಕಡೆ, ತಗ್ಗು ಇನ್ನೊಂದು ಕಡೆ. ಪಿವಿಐಯ ಗ್ರಿಪ್ (ಮೌಸಿನಿಂದ ಎಳೆಯುವ ಹಿಡಿ) ಹಿಡಿದು ಎಳೆಯೋಕೆ ಹೋದೆ, ಗ್ರೇಡ್ ಎಲ್ಲಾ 1.8374 ತರಹ ವಿಚಿತ್ರ ಆಗಿಹೋಯಿತು. ಕಂಟ್ರೋಲ್ ಝಡ್ ಒತ್ತಿ ಒತ್ತಿ ಬೆರಳು ನೋಯುತ್ತಿದೆ.

ಗಿರಮಿಟ್
7 ಕಿಮೀ ರಸ್ತೆಗೆ ಎಂಟು ತಿಂಗಳಾ? ಸುಮ್ನೆ ಕೇಳಿದೆ.

ಹಳ್ಳದ_ದಂಡೆ
ಡಿಸೈನ್‌ಗೆ ಬಂದು ಎಂಟು ತಿಂಗಳು ಅಂದೆ ಮಾರಾಯ. ಈ ರಸ್ತೆಗೆ ಮೂರು ವಾರ.

ಟಿನ್_ಸರ್ಫೇಸ್
ತಪ್ಪು ಏನೂ ಆಗಿಲ್ಲ, ಪಿವಿಐ ಅಂದ್ರೆ ರಸ್ತೆ ಅಂತ ತಿಳಿದಿದ್ದೀರಿ, ಅಷ್ಟೇ. ಎರಡು ಗ್ರೇಡ್ ಗೆರೆಗಳನ್ನು ಎಳೆದುಕೊಂಡು ಹೋದರೆ ಎಲ್ಲಿ ಕೂಡುತ್ತವೋ ಅದು ಪಿವಿಐ. ವಾಹನ ಅಲ್ಲಿಗೆ ಹೋಗೋದೇ ಇಲ್ಲ. ತಗ್ಗಿನಲ್ಲಿ ಕರ್ವ್ ಅದರ ಮೇಲಿಂದ ಹೋಗುತ್ತದೆ, ದಿಬ್ಬದಲ್ಲಿ ಕೆಳಗಿಂದ ಹೋಗುತ್ತದೆ.

ಎಷ್ಟು ಮೇಲೆ? ಎರಡು ಗ್ರೇಡ್‌ಗಳ ವ್ಯತ್ಯಾಸ ಗುಣಿಸು ಉದ್ದ, ಭಾಗಿಸು 800. ನಿಮ್ಮದು 4 × 70 / 800 = 0.350. ನೋಡಿ, ನಿಮ್ಮ 35 ಸೆಂಟಿಮೀಟರ್ ಸಿಕ್ಕಿತು.

ದಿಬ್ಬದ ಮೇಲಿನ ಕಲ್ವರ್ಟ್‌ನಲ್ಲಿ ಈ ತಪ್ಪು ಇನ್ನೂ ಕೆಟ್ಟದ್ದು. ಅಲ್ಲಿ ರಸ್ತೆ ಕೆಳಗೆ ಹೋಗಿ ಸ್ಲ್ಯಾಬ್ ಒಳಗೇ ನುಗ್ಗುತ್ತದೆ, ಪೇಪರ್ ಮೇಲೆ ಯಾರಿಗೂ ಕಾಣೋದಿಲ್ಲ.

ಹಳ್ಳದ_ದಂಡೆ
ಓಹ್. ತುಂಬಾ ಥ್ಯಾಂಕ್ಸ್ ಅಣ್ಣಾ. ಹಾಗಾದ್ರೆ ಪಿವಿಐಯನ್ನು 0.350 ಇಳಿಸಿದರೆ ಮುಗೀತು ಅಲ್ವಾ?

ಟಿನ್_ಸರ್ಫೇಸ್
ಅಣ್ಣ ಅಲ್ಲ, ಅಕ್ಕ. ಇಳಿಸಿ ನೋಡಿ, ಮುಗೀತೋ ಇಲ್ಲವೋ ಗೊತ್ತಾಗುತ್ತದೆ.

ಹಳ್ಳದ_ದಂಡೆ
ಕ್ಷಮಿಸಿ ಅಕ್ಕಾ. 630.900 ಕೊಟ್ಟೆ. ಈಗ ರಸ್ತೆ 631.286 ತೋರಿಸುತ್ತಿದೆ. ಇನ್ನೂ 36 ಮಿಮೀ ಜಾಸ್ತಿ. ಏನಿದು ಆಟ?

ಟಿನ್_ಸರ್ಫೇಸ್
ಪಿವಿಐ ಇಳಿಸಿದಾಗ ಎರಡೂ ಕಡೆ ಗ್ರೇಡ್ ಕಡಿದಾಯಿತು. ಈಗ ಇಳಿತ 1.975, ಏರು 2.433. ವ್ಯತ್ಯಾಸ 4 ಇದ್ದದ್ದು 4.408 ಆಯಿತು. ಹಾಗಾಗಿ ಕರ್ವ್ ಇನ್ನೂ ಸ್ವಲ್ಪ ಮೇಲೆ ಎದ್ದಿತು. ಅಷ್ಟೇ ಅಲ್ಲ, ಗ್ರೇಡ್ ವ್ಯತ್ಯಾಸ ಹೆಚ್ಚಾದರೆ ಉದ್ದವೂ ಹೆಚ್ಚಬೇಕು. ನೀವು 70ರಲ್ಲೇ ಬಿಟ್ಟಿದ್ದೀರಿ, ಅಂದ್ರೆ ಕೆ ಬೆಲೆ (ಉದ್ದ ಭಾಗಿಸು ಗ್ರೇಡ್ ವ್ಯತ್ಯಾಸ) 15.9ಕ್ಕೆ ಬಿತ್ತು. 65ರ ಸ್ಪೀಡಿಗೆ ತಗ್ಗಿನಲ್ಲಿ 17.4 ಬೇಕು.

ಎರಡು ಮೂರು ಸುತ್ತು ಹಾಕಬೇಕಾಗುತ್ತದೆ. ನಾನು ಎಕ್ಸೆಲ್‌ನಲ್ಲಿ ಹಾಕಿ ನೋಡಿದೆ: ಉದ್ದ 80, ಪಿವಿಐ 630.797. ಆಗ ಇಳಿತ 2.026, ಏರು 2.502, ಕೆ 17.67, ಕಲ್ವರ್ಟ್ ಮೇಲೆ ಸರಿಯಾಗಿ 631.250. ಒಮ್ಮೆ ಕೊಟ್ಟು ನೋಡಿ.

ಎಂಎಕ್ಸ್_ಮಂದಿ
ಇದಕ್ಕೆಲ್ಲ ಎಕ್ಸೆಲ್ ಯಾಕೆ? ಸಿವಿಲ್ 3ಡಿಯಲ್ಲೇ ಕರ್ವ್ ಹಾಕುವಾಗ ಪಾಸ್ ಥ್ರೂ ಪಾಯಿಂಟ್ ಅಂತ ಆಯ್ಕೆ ಇದೆ. ಬೇಕಾದ ಲೆವೆಲ್ ತೋರಿಸಿ, ಉದ್ದ ಅದೇ ಲೆಕ್ಕ ಹಾಕುತ್ತದೆ. ನಾನು ಎಂಎಕ್ಸ್ ಅನ್ನೋ ಬೇರೆ ಸಾಫ್ಟ್‌ವೇರಿನವನು, ಆದರೂ ಇಷ್ಟು ಗೊತ್ತು.

ಟಿನ್_ಸರ್ಫೇಸ್
ಹಾಕುತ್ತದೆ ಸರ್, ಆದರೆ ಏನು ಹಾಕುತ್ತದೆ ಅಂತ ನೋಡಿದ್ದೀರಾ? ಪಿವಿಐ 630.900ರಲ್ಲೇ ಇಟ್ಟು 631.250 ಮೂಲಕ ಹಾಯಿಸಿದರೆ ಉದ್ದ 63.5 ಬರುತ್ತದೆ. ಕೆ 14.4. ಅದು 60ರ ಸ್ಪೀಡಿಗೂ ಸಾಲದು. ಪಾಯಿಂಟ್ ಮುಟ್ಟಿಸು ಅಂದ್ರೆ ಮುಟ್ಟಿಸುತ್ತದೆ. ನಿಮ್ಮ ಸ್ಪೀಡ್ ಎಷ್ಟು ಅಂತ ಕೇಳೋದಿಲ್ಲ.

ಎಂಎಕ್ಸ್_ಮಂದಿ
ಡಿಸೈನ್ ಕ್ರೈಟೀರಿಯಾ ಫೈಲ್ ಹಾಕಿದ್ದರೆ ಎಚ್ಚರಿಕೆಯ ಹಳದಿ ತ್ರಿಕೋನ ತೋರಿಸುತ್ತದಲ್ಲ. ನಮ್ಮ ದೇಶದ ನಿಯಮಗಳಿಗೆ ಇಂಡಿಯಾ ಕಂಟ್ರಿ ಕಿಟ್ ಇದೆ.

ಟಿನ್_ಸರ್ಫೇಸ್
ತೋರಿಸುತ್ತದೆ. ಆ ತ್ರಿಕೋನ ನೋಡಿ ನಿಲ್ಲುವವರು ಎಷ್ಟು ಮಂದಿ? ನಮ್ಮ ಆಫೀಸಿನಲ್ಲಿ ಒಬ್ಬ ಮಹಾನುಭಾವ ಸ್ಟೈಲ್‌ಗೆ ಹೋಗಿ ಆ ತ್ರಿಕೋನವನ್ನೇ ಆಫ್ ಮಾಡಿ ಪ್ರಿಂಟ್ ತೆಗೆದಿದ್ದ.

ಹೊಸ_ಡಿಗ್ರಿ
ನಡುವೆ ಬಂದದ್ದಕ್ಕೆ ಕ್ಷಮಿಸಿ, ಈ 17.4 ಎಲ್ಲಿಂದ ಬಂತು? ನಮಗೆ ಕಾಲೇಜಿನಲ್ಲಿ ಕೆ ಅಂತ ಹೇಳಿಕೊಟ್ಟೇ ಇಲ್ಲ. ಎನ್ ಎಸ್ ಸ್ಕ್ವೇರ್ ಅಂತ ಸೂತ್ರ ಇತ್ತು.

ಎರೆಮಣ್ಣು
ಅದೇ ಸೂತ್ರ ಕಣಪ್ಪಾ, ಅಂಗಿ ಬೇರೆ ಅಷ್ಟೇ. 65ಕ್ಕೆ ನಿಲ್ಲುವ ದೂರ, ಅಂದ್ರೆ ನಿಮ್ಮ ಎಸ್, 90 ಮೀಟರ್. ತಗ್ಗಿಗೆ ಎಸ್ ಸ್ಕ್ವೇರ್ ಭಾಗಿಸು (1.5 + 0.035 ಎಸ್). 8100 ಭಾಗಿಸು 4.65, ಅಂದ್ರೆ 1742. ಅದನ್ನು 100ರಿಂದ ಭಾಗಿಸಿದರೆ 17.4. ಗ್ರೇಡ್ ಒಂದು ಪರ್ಸೆಂಟ್ ಬದಲಾದರೆ 17.4 ಮೀಟರ್ ಕರ್ವ್ ಬೇಕು ಅಂತ ಅರ್ಥ. ದಿಬ್ಬಕ್ಕೆ ಎಸ್ ಸ್ಕ್ವೇರ್ ಭಾಗಿಸು 4.4, ಅಂದ್ರೆ 18.4. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಐಆರ್‌ಸಿ ಎಸ್‌ಪಿ 23ರಲ್ಲಿ ಎಲ್ಲಾ ಇದೆ, 1983ರ ಪುಸ್ತಕ, ಇವತ್ತಿಗೂ ಅದನ್ನೇ ತೆರೆಯುತ್ತೇವೆ.

ಬಾಯಿಪಾಠ ಮಾಡೋದಾದ್ರೆ 80ಕ್ಕೆ ದಿಬ್ಬ 33, ತಗ್ಗು 25. 100ಕ್ಕೆ ದಿಬ್ಬ 74, ತಗ್ಗು 42. ಸ್ಪೀಡ್ 80ರಿಂದ 100 ಆದ್ರೆ ದಿಬ್ಬದ ಕರ್ವ್ ಎರಡು ಪಟ್ಟಿಗೂ ಜಾಸ್ತಿ ಆಗುತ್ತದೆ, ನೋಡು. ಅದಕ್ಕೇ ಹೆದ್ದಾರಿಯಲ್ಲಿ ಅಷ್ಟು ಕಡಿತ, ಅಷ್ಟು ತುಂಬು.

ಹೊಸ_ಡಿಗ್ರಿ
ಆದರೆ ಕರ್ವ್ ಉದ್ದ ನಿಲ್ಲುವ ದೂರಕ್ಕಿಂತ ಕಡಿಮೆ ಇದ್ದರೆ ಬೇರೆ ಸೂತ್ರ ಅಲ್ವಾ ಸರ್? ಇಲ್ಲಿ 80 ಮೀಟರ್, 90ಕ್ಕಿಂತ ಕಡಿಮೆ.

ಎರೆಮಣ್ಣು
ಶಹಬ್ಬಾಸ್, ಓದಿದ ಹುಡುಗ. ಹೌದು, ಬೇರೆ ಸೂತ್ರ ಇದೆ. ಅದರಿಂದ ಬರುವ ಉದ್ದ ಯಾವಾಗಲೂ ಇದಕ್ಕಿಂತ ಕಡಿಮೆಯೇ. ಹಾಗಾಗಿ ಕೆ ಹಿಡಿದು ಹೋದರೆ ಮೋಸ ಇಲ್ಲ, ಸ್ವಲ್ಪ ಜಾಸ್ತಿ ಆಗಬಹುದು ಅಷ್ಟೇ. ಜಾಗ ಇಲ್ಲದ ಕಡೆ ಮಾತ್ರ ಇನ್ನೊಂದನ್ನು ತೆಗೆಯಬೇಕು.

ಚಿಗರಿ_ಪಾಸ್
ನಾನು ಎಂಜಿನಿಯರ್ ಅಲ್ಲ, ಧಾರವಾಡ–ಹುಬ್ಬಳ್ಳಿ ದಿನಾ ಚಿಗರಿ ಬಸ್ಸಿನಲ್ಲಿ ಓಡಾಡುವವನು. ಒಂದು ಪ್ರಶ್ನೆ. ಕೆಲವು ಹಳ್ಳಿ ರಸ್ತೆಯಲ್ಲಿ ಬೈಕ್ ಮೇಲೆ ಹೋಗುವಾಗ ಹೊಟ್ಟೆ ಒಮ್ಮೆ ಮೇಲಕ್ಕೆ ಬಂದ ಹಾಗೆ ಆಗುತ್ತದಲ್ಲ, ಅದು ಈ ಕರ್ವ್‌ದೇ ತಪ್ಪಾ?

ಎರೆಮಣ್ಣು
ಅದೇ. ದಿಬ್ಬದ ಕರ್ವ್ ಗಿಡ್ಡ ಆಗಿದೆ ಅಂತ ಅರ್ಥ. ಹೊಟ್ಟೆ ಮೇಲಕ್ಕೆ ಬಂದ ಜಾಗದಲ್ಲಿ ಎದುರಿನ ಟ್ರ್ಯಾಕ್ಟರ್ ಕೂಡ ಕಾಣೋದಿಲ್ಲ. ಅಲ್ಲಿ ಓವರ್‌ಟೇಕ್ ಮಾಡಬೇಡಿ.

ಚಿಗರಿ_ಪಾಸ್
ತಗ್ಗಿಗೆ ಯಾಕೆ ಅಷ್ಟು ಉದ್ದ ಬೇಕು? ತಗ್ಗಿನಲ್ಲಿ ಎಲ್ಲಾ ಕಾಣುತ್ತದಲ್ಲ.

ಟಿನ್_ಸರ್ಫೇಸ್
ಹಗಲು ಕಾಣುತ್ತದೆ. ರಾತ್ರಿ ಕಾಣೋದಿಲ್ಲ. ಹೆಡ್‌ಲೈಟ್ ನೆಲದಿಂದ 0.75 ಮೀಟರ್ ಎತ್ತರದಲ್ಲಿದೆ, ಬೆಳಕು ಒಂದು ಡಿಗ್ರಿ ಮೇಲೆ ಹರಡುತ್ತದೆ ಅಂತ ಹಿಡಿದು ಲೆಕ್ಕ. ತಗ್ಗು ಗಿಡ್ಡ ಆದರೆ ಬೆಳಕು ಎದುರಿನ ಏರಿಗೆ ಹತ್ತಿರದಲ್ಲೇ ಬಡಿದು ನಿಲ್ಲುತ್ತದೆ. ಅದರ ಆಚೆ ಎಮ್ಮೆ ಮಲಗಿದ್ದರೂ ಗೊತ್ತಾಗೋದಿಲ್ಲ.

ಮಿಲಿಮೀಟರ್_ಶೀಟ್
ನಿವೃತ್ತನಾಗಿ ಹನ್ನೊಂದು ವರ್ಷ. ನಿಮ್ಮ ಮಾತು ಓದಿ ಖುಷಿ ಆಯಿತು. ನಾವು ಉದ್ದ ಸೆಕ್ಷನ್ ಅನ್ನು ಗ್ರಾಫ್ ಶೀಟಿನ ಮೇಲೆ ಬರೆಯುತ್ತಿದ್ದೆವು. ಉದ್ದಕ್ಕೆ 1:2500, ಎತ್ತರಕ್ಕೆ 1:250. ಕಪ್ಪು ದಾರ ಹಿಡಿದು ನೆಲದ ಗೆರೆ ಮೇಲೆ ಇಟ್ಟು, ಇಲ್ಲಿ ಇಷ್ಟು ಕಡಿ, ಅಲ್ಲಿ ಅಷ್ಟು ತುಂಬು ಅಂತ ದಾರ ಸರಿಸುತ್ತಿದ್ದೆವು. ದಾರದ ಗುಣ ಏನು ಅಂದ್ರೆ ಅದು ಡೊಂಕು ಆಗೋದಿಲ್ಲ. ಪಿನ್ ಚುಚ್ಚಿದ ಕಡೆ ಮಾತ್ರ ಬಾಗುತ್ತದೆ. ಪಿನ್ ಚುಚ್ಚಲು ಬೇಸರ, ಹಾಗಾಗಿ ಪಿನ್ ಕಡಿಮೆ. ಈಗಿನವರಿಗೆ ಮೌಸ್ ಒತ್ತಲು ಬೇಸರ ಇಲ್ಲ. ಹತ್ತು ಹೆಜ್ಜೆಗೆ ಒಂದು ಪಿವಿಐ.

ಇನ್ನೊಂದು ಮಾತು ತಮ್ಮಾ. ನಿನ್ನ ಸ್ಕ್ರೀನಿನಲ್ಲೂ ಎತ್ತರ ಹತ್ತು ಪಟ್ಟು ಹಿಗ್ಗಿಸಿ ತೋರಿಸುತ್ತಿರಬೇಕು. ಅದನ್ನು ನೋಡಿ ಕಣಿವೆ ಅಂತ ಹೆದರಬೇಡ. ಹತ್ತು ಪಟ್ಟಿನಲ್ಲಿ 2% ಏರು 20% ಏರಿನ ಹಾಗೆ ಕಾಣುತ್ತದೆ. ಒಮ್ಮೆ ಒಂದಕ್ಕೆ ಒಂದು ಮಾಡಿ ನೋಡು, ರಸ್ತೆ ಚಪಾತಿಯ ಹಾಗೆ ಕಾಣುತ್ತದೆ.

ಹಳ್ಳದ_ದಂಡೆ
ಸರ್, ಪಿನ್ ಮಾತು ನೇರ ನನಗೇ ಬಡಿಯಿತು. 5+100ರಿಂದ 5+600ರವರೆಗೆ 22 ಪಿವಿಐ ಇಟ್ಟಿದ್ದೇನೆ. ನೆಲದ ಗೆರೆಯನ್ನೇ ಹಿಡಿದು ಹೋದರೆ ಮಣ್ಣಿನ ಕೆಲಸ ಕಡಿಮೆ ಆಗುತ್ತದೆ ಅಂತ ಮೇಲಿನವರು ಹೇಳಿದ್ದರು.

ಎರೆಮಣ್ಣು
ಅಯ್ಯೋ ಶಿವನೇ. 500 ಮೀಟರಿಗೆ 22 ಅಂದ್ರೆ 23 ಮೀಟರಿಗೆ ಒಂದು. 65ರ ಸ್ಪೀಡಿಗೆ ಕರ್ವ್ ಕನಿಷ್ಠ 40 ಮೀಟರ್ ಇರಬೇಕು. ಎಲ್ಲಿ ಕೂರಿಸಿದಿ?

ಹಳ್ಳದ_ದಂಡೆ
ಕೂರಿಸಿಲ್ಲ. 😬 ಗ್ರೇಡ್ ವ್ಯತ್ಯಾಸ 0.8% ಒಳಗೆ ಇದ್ದರೆ 65ಕ್ಕೆ ಕರ್ವ್ ಬೇಡ ಅಂತ ಇದೆಯಲ್ಲ. ಎಲ್ಲಾ 0.7ರಲ್ಲಿ ಇಟ್ಟೆ.

ಟಿನ್_ಸರ್ಫೇಸ್
ಈ ಉಪಾಯ ಎಲ್ಲರೂ ಒಮ್ಮೆ ಮಾಡುತ್ತಾರೆ, ನಾನೂ ಮಾಡಿದ್ದೇನೆ. ಎಲ್ಲೋ ಒಂದು ಕಡೆ ಒಂದು ಮುರಿತ ಇದ್ದರೆ ಕರ್ವ್ ಬೇಡ ಅನ್ನೋದಕ್ಕೆ ಆ ನಿಯಮ. ಸಾಲಾಗಿ 22 ಮುರಿತ ಇಟ್ಟರೆ ರಸ್ತೆ ಮುದ್ದೆ ಮುದ್ದೆ ಆಗುತ್ತದೆ. ಅದು ಡಿಸೈನ್ ಅಲ್ಲ, ಹಳೇ ರಸ್ತೆಯ ಗುಂಡಿಗಳ ಪ್ರತಿ ತೆಗೆದ ಹಾಗೆ.

ಐದೇ ಪಿವಿಐ ಇಟ್ಟು ನೋಡಿ. ಮಣ್ಣಿನ ಲೆಕ್ಕ ನೀವು ಅಂದುಕೊಂಡಷ್ಟು ಏರೋದಿಲ್ಲ.

ರಾಣೆಬೆನ್ನೂರು_ರೋಲರ್
ಗುತ್ತಿಗೆ ಕಡೆಯಿಂದ ಒಂದು ಮಾತು. ಡಿಸೈನ್ ಟೇಬಲ್ ಮೇಲೆ 0.7% ಮುರಿತ ಅಂತ ಇರುತ್ತದೆ. ಸೈಟಿನಲ್ಲಿ ಗ್ರೇಡರ್ ಆಪರೇಟರ್ ಅದನ್ನು ನೋಡೋದೂ ಇಲ್ಲ, ಬ್ಲೇಡ್ ತಾನೇ ಸಪಾಟು ಮಾಡಿಕೊಂಡು ಹೋಗುತ್ತದೆ. ಪೇವರ್‌ಗೆ ದಾರ ಕಟ್ಟುವಾಗ 10 ಮೀಟರಿಗೊಂದು ಪಿನ್. ಅವನು ಕಣ್ಣಿನಲ್ಲೇ ಕರ್ವ್ ಹಾಕುತ್ತಾನೆ. ನೀವು ಮೂರು ವಾರ ಕೂತು ಹಾಕಿದ ಕರ್ವ್‌ಗಿಂತ ಒಮ್ಮೊಮ್ಮೆ ಅದೇ ಚೆನ್ನಾಗಿರುತ್ತದೆ. ಬೇಜಾರಾಗಬೇಡಿ.

ಎಂಎಕ್ಸ್_ಮಂದಿ
ಅದಕ್ಕೇ ನಿಮ್ಮ ಬಿಲ್ಲಿನಲ್ಲಿ ಬಿಎಂ (ಡಾಂಬರು–ಜಲ್ಲಿ ಪದರ) ಜಾಸ್ತಿ ಬರುತ್ತದೆ.

ರಾಣೆಬೆನ್ನೂರು_ರೋಲರ್
ಜಾಸ್ತಿ ಬಂದರೆ ಕೊಡುವವರು ಯಾರು ಸಾಹೇಬ್ರೇ? ನಮ್ಮ ಕಿಸೆಯಿಂದಲೇ ಹೋಗುತ್ತದೆ.

ಎರೆಮಣ್ಣು
ಜಗಳ ಆಮೇಲೆ. ಅಣ್ಣಿಗೇರಿ ಕಡೆ ಅಂದ್ರಿ, ಅಂದ್ರೆ ಎರೆ ನೆಲ. ನೆಲದ ಗೆರೆ ಹಿಡಿದು ಹೋಗೋದು ಅಲ್ಲಿ ಇನ್ನೊಂದು ಕಾರಣಕ್ಕೆ ತಪ್ಪು. ಎರೆ ಭೂಮಿಯಲ್ಲಿ ರಸ್ತೆ ಹೊಲಕ್ಕಿಂತ ತಗ್ಗಾದರೆ ಮಳೆಗಾಲದಲ್ಲಿ ಅದೇ ಹಳ್ಳ. ಮಣ್ಣು ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ, ಅಂಚು ಒಡೆಯುತ್ತದೆ. ಬೆಣ್ಣಿಹಳ್ಳದ ಸೀಮೆಯಲ್ಲಿ ಕೆಲಸ ಮಾಡಿದವರಿಗೆ ಇದನ್ನು ಹೇಳಬೇಕಿಲ್ಲ. 2019ರ ಆಗಸ್ಟ್ ಮಳೆಯಲ್ಲಿ ನೀರು ಎಲ್ಲಿವರೆಗೆ ಬಂದಿತ್ತು ಅಂತ ಆ ಊರಿನ ಹಿರಿಯರನ್ನು ಕೇಳಿ, ಗೋಡೆಯ ಮೇಲಿನ ಗುರುತು ತೋರಿಸುತ್ತಾರೆ. ಆ ಲೆವೆಲ್ ತಂದು ಪ್ರೊಫೈಲ್ (ಉದ್ದ ಸೆಕ್ಷನ್) ಮೇಲೆ ಒಂದು ಅಡ್ಡ ಗೆರೆ ಹಾಕಿ. ಆಮೇಲೆ ಪಿವಿಐ ಮುಟ್ಟಿ.

ನನ್ನದೊಂದು ಕತೆ. ಹೆಸರು ಬೇಡ, ಗದಗ ಜಿಲ್ಲೆಯ ಒಂದು ರಸ್ತೆ. ಒಂದು ಕಡೆ 0.5% ಇಳಿತ, ಇನ್ನೊಂದು ಕಡೆ 3% ಏರು. ಕರ್ವ್ 70 ಮೀಟರ್, ಕೆ 20. ಡ್ರಾಯಿಂಗಿನಲ್ಲಿ ಪೈಪ್ ಕಲ್ವರ್ಟ್ ಅನ್ನು ಪಿವಿಐ ಚೈನೇಜಿನಲ್ಲೇ ತೋರಿಸಿದ್ದರು. ಕಟ್ಟಿಯೂ ಆಯಿತು. ಮೊದಲ ಮಳೆಗೆ ಹೋಗಿ ನೋಡಿದರೆ ಪೈಪ್ ಒಣಗಿದೆ, 25 ಮೀಟರ್ ಹಿಂದೆ ರಸ್ತೆಯ ಮೇಲೆ ನೀರು ನಿಂತಿದೆ, ಕಪ್ಪೆ ಕೂಗುತ್ತಿವೆ!

ಅಲ್ಲೇ ಛತ್ರಿ ಹಿಡಿದು ನಿಂತು ಲೆಕ್ಕ ಹಾಕಿದೆ. ತಗ್ಗಿನ ತಳ ಎಲ್ಲಿದೆ ಅಂದ್ರೆ ಕರ್ವ್ ಶುರುವಾದ ಕಡೆಯಿಂದ ಕೆ ಗುಣಿಸು ಒಳಬರುವ ಗ್ರೇಡ್. 20 × 0.5 = 10 ಮೀಟರ್. ಪಿವಿಐ ಇರೋದು 35ರಲ್ಲಿ. ಪೈಪಿನ ಮೇಲೆ ರಸ್ತೆ ತಳಕ್ಕಿಂತ 16 ಸೆಂಟಿಮೀಟರ್ ಎತ್ತರ. ನೀರು ಹತ್ತಿ ಹೋಗಬೇಕಾ ಅಲ್ಲಿಗೆ? ಎರಡೂ ಕಡೆ ಗ್ರೇಡ್ ಸಮ ಇದ್ದರೆ ಮಾತ್ರ ತಳ ಪಿವಿಐ ಚೈನೇಜಿನಲ್ಲೇ ಬರುತ್ತದೆ.

ಹಳ್ಳದ_ದಂಡೆ
ನನ್ನದನ್ನು ಈಗಲೇ ಹಾಕಿದೆ. 17.67 × 2.026 = 35.8. ಪಿವಿಐ 40ರಲ್ಲಿದೆ. ಅಂದ್ರೆ ತಳ 4.2 ಮೀಟರ್ ಹಿಂದೆ. ಸ್ಲ್ಯಾಬ್ ಅರ್ಧ 3 ಮೀಟರ್. ತಳ ಸ್ಲ್ಯಾಬ್‌ನಿಂದ ಹೊರಗೆ ಬೀಳುತ್ತಿದೆ!

ಟಿನ್_ಸರ್ಫೇಸ್
ಲೆಕ್ಕ ಸರಿ. ಆದರೆ ಆ 4.2 ಮೀಟರಿಗೆ ಲೆವೆಲ್ ವ್ಯತ್ಯಾಸ 5 ಮಿಮೀ. ಡಾಂಬರಿನ ಕಲ್ಲು ಅದಕ್ಕಿಂತ ದಪ್ಪ. ನಿದ್ದೆ ಮಾಡಿ.

ನಿದ್ದೆ ಕೆಡಿಸಿಕೊಳ್ಳಬೇಕಾದ್ದು ಬೇರೆ ಇದೆ. ಆ ತಗ್ಗಿನ ಹತ್ತಿರ ಅಡ್ಡ ತಿರುವು ಶುರುವಾಗುತ್ತದಾ? ತಿರುವಿಗೆ ಸೂಪರ್‌ಎಲಿವೇಶನ್ (ರಸ್ತೆಯ ಹೊರಬದಿ ಎತ್ತರಿಸೋದು) ಕೊಡುವಾಗ 2.5% ಹೊರಗಿನ ಇಳಿಜಾರು ಸೊನ್ನೆಗೆ ಬಂದು ಆಮೇಲೆ ಇನ್ನೊಂದು ಕಡೆ ಏಳುತ್ತದೆ. ಆ ಸೊನ್ನೆ ಜಾಗ ಮತ್ತು ತಗ್ಗಿನ ತಳ ಒಂದೇ ಕಡೆ ಬಿದ್ದರೆ ನೀರಿಗೆ ಉದ್ದಕ್ಕೂ ದಾರಿ ಇಲ್ಲ, ಅಡ್ಡಕ್ಕೂ ದಾರಿ ಇಲ್ಲ. ಪ್ರೊಫೈಲ್ ಬೇರೆ ಕಿಟಕಿಯಲ್ಲಿ, ಅಲೈನ್‌ಮೆಂಟ್ ಬೇರೆ ಕಿಟಕಿಯಲ್ಲಿ ಇರುವುದರಿಂದ ಇದು ಯಾರಿಗೂ ಕಾಣೋದಿಲ್ಲ. ಸೂಪರ್‌ಎಲಿವೇಶನ್ ಬ್ಯಾಂಡನ್ನು ಪ್ರೊಫೈಲ್ ಕೆಳಗೆ ಹಾಕಿಕೊಳ್ಳಿ.

ಹಳ್ಳದ_ದಂಡೆ
ನೋಡಿದೆ ಅಕ್ಕಾ. ತಿರುವು 3+560ಕ್ಕೆ ಶುರು. ಬಚಾವ್.

ಎಂಎಕ್ಸ್_ಮಂದಿ
3+560 ಅಂದ್ರಾ? ನಿಮ್ಮ ಮುಂದಿನ ಪಿವಿಐ 3+570, ಅದು ದಿಬ್ಬ. ದಿಬ್ಬದ ತುದಿಯಲ್ಲಿ ತಿರುವು ಶುರು ಮಾಡಿದ್ದೀರಿ. ಹತ್ತಿ ಬರುವ ಡ್ರೈವರ್‌ಗೆ ಮುಂದೆ ತಿರುವು ಇದೆ ಅಂತ ಹೇಗೆ ಗೊತ್ತಾಗಬೇಕು?

ಹಳ್ಳದ_ದಂಡೆ
ಬಚಾವ್ ಅಲ್ಲ ಹಾಗಾದ್ರೆ.

ಎಂಎಕ್ಸ್_ಮಂದಿ
ತಿರುವನ್ನು ದಿಬ್ಬಕ್ಕೆ 60–70 ಮೀಟರ್ ಮುಂಚೆಯೇ ಶುರು ಮಾಡಿ, ಅಂದ್ರೆ ದಿಬ್ಬದ ಕರ್ವ್ ತಿರುವಿನ ಒಳಗೆ ಬರಬೇಕು. ಜಾಗ ಇಲ್ಲದಿದ್ದರೆ ದಿಬ್ಬದ ಕರ್ವ್ ಉದ್ದ ಮಾಡಿ. ಎರಡೂ ಆಗದಿದ್ದರೆ ಬೋರ್ಡ್ ಹಾಕಿ, ದೇವರಿಗೆ ಕೈ ಮುಗಿಯಿರಿ.

ಗಿರಮಿಟ್
ಹುಬ್ಬಳ್ಳಿ–ಧಾರವಾಡ ಬೈಪಾಸ್‌ನಲ್ಲಿ ಅದೇ ಮಾಡಿದ್ದೆವು ಇಷ್ಟು ವರ್ಷ. ಕೈ ಮುಗಿದುಕೊಂಡೇ ಓಡಾಡಿದೆವು.

ಚಿಗರಿ_ಪಾಸ್
ಬೈಪಾಸ್ ಮಾತು ತೆಗೀಬೇಡಿ, ಈ ಚರ್ಚೆ ನೂರು ಪುಟ ಆಗುತ್ತದೆ.

ಮಿಲಿಮೀಟರ್_ಶೀಟ್
ಆ ಹುಡುಗನ ಎರಡನೇ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಚೈನೇಜ್ 4.3 ಮೀಟರ್ ಜರುಗಿದ್ದು.

ಟಿನ್_ಸರ್ಫೇಸ್
ಹೌದಲ್ಲ. ಪ್ರೊಫೈಲ್‌ಗೆ ಗೊತ್ತಿರೋದು ಎರಡೇ ಸಂಗತಿ, ಚೈನೇಜ್ ಮತ್ತು ಲೆವೆಲ್. ಹಳ್ಳ ಎಲ್ಲಿದೆ, ಮನೆ ಎಲ್ಲಿದೆ ಅಂತ ಅದಕ್ಕೇನು ಗೊತ್ತು? ನೀವು ಹಿಂದೆ ಪಿಐ ಸರಿಸಿದರೆ ಮುಂದಿನ ಪ್ರತಿಯೊಂದು ಪಿವಿಐಯೂ ಹಳೇ ಚೈನೇಜಿನಲ್ಲೇ ಕೂತಿರುತ್ತದೆ. ನಾನು ಮಾಡೋದು ಹೀಗೆ: ಅಪ್ರೂವ್ ಆದ ಅಲೈನ್‌ಮೆಂಟನ್ನು ಎಂದೂ ಮುಟ್ಟೋದಿಲ್ಲ. ಪ್ರತಿ ತೆಗೆದು ಹೊಸ ಹೆಸರು ಕೊಟ್ಟು ಅದರ ಮೇಲೆ ಕೈ ಆಡಿಸುತ್ತೇನೆ. ಹಳೇ ಪ್ರೊಫೈಲನ್ನು ಹೊಸ ಪ್ರೊಫೈಲ್ ವ್ಯೂ ಮೇಲೆ ಸೂಪರ್‌ಇಂಪೋಸ್ ಮಾಡಿದರೆ ಮಸುಕು ಗೆರೆಯಾಗಿ ಹಿಂದೆ ಕಾಣುತ್ತದೆ. ಅದನ್ನು ನೋಡಿಕೊಂಡು ಹೊಸ ಪಿವಿಐಗಳನ್ನು ಟೇಬಲ್‌ನಲ್ಲಿ ಟೈಪ್ ಮಾಡುತ್ತೇನೆ. ಗ್ರಿಪ್ ಎಳೆಯೋದಿಲ್ಲ.

ಎಳೆಯಲೇಬೇಕು ಅಂದ್ರೆ ಪಿವಿಐಯ ಎರಡು ಪಕ್ಕದ ತ್ರಿಕೋನ ಗ್ರಿಪ್ ಹಿಡಿಯಿರಿ, ಒಂದು ಕಡೆಯ ಗ್ರೇಡ್ ಆದರೂ ಉಳಿಯುತ್ತದೆ. ನಡುವಿನದು ಹಿಡಿದರೆ ಎರಡೂ ಹೋಯಿತು. ಅದೇ ನಿಮ್ಮ 1.8374.

ರಾಣೆಬೆನ್ನೂರು_ರೋಲರ್
ಚೈನೇಜ್ ಈಕ್ವೇಶನ್ ಹಾಕಿಬಿಡಿ. 2+950ರಲ್ಲಿ 4.3 ಮೀಟರ್ ನುಂಗಿಸಿದರೆ ಮುಂದಿನದೆಲ್ಲ ಹಳೇ ಚೈನೇಜಿಗೇ ಬರುತ್ತದೆ.

ಎರೆಮಣ್ಣು
ಬೇಡ ಬೇಡ ಬೇಡ. ಸೈಟಿನಲ್ಲಿ ಮೇಸ್ತ್ರಿಗೆ ಈ ಈಕ್ವೇಶನ್ ಹೇಳಿ ಅರ್ಥ ಮಾಡಿಸಿದ್ದೀರಾ ಎಂದಾದರೂ? ಒಂದೇ ಚೈನೇಜ್ ಎರಡು ಕಡೆ ಇರುತ್ತದೆ. ಒಮ್ಮೆ ನನ್ನ ಸೈಟಿನಲ್ಲಿ ಒಂದೇ ನಂಬರಿನ ಎರಡು ಸೆಕ್ಷನ್ ಬಂದು, ಇಲ್ಲಿಯದನ್ನು ಅಲ್ಲಿ ಹಾಕಿ, ಗರಸು ಹೊಡೆದು, ತೆಗೆದು, ಮತ್ತೆ ಹೊಡೆದೆವು.

ರಾಣೆಬೆನ್ನೂರು_ರೋಲರ್
ಸಹಿ ಆದ 4 ಕಿಮೀ ಡ್ರಾಯಿಂಗ್ ಮತ್ತೆ ಪ್ರಿಂಟ್ ತೆಗೆದು ಮತ್ತೆ ಸಹಿ ಮಾಡಿಸೋದಕ್ಕಿಂತ ಅದು ಸುಲಭ ರೀ.

ಟಿನ್_ಸರ್ಫೇಸ್
ಇಬ್ಬರದೂ ಸರಿ. ಸಹಿ ಆಗಿದ್ದರೆ ಈಕ್ವೇಶನ್, ಆಗಿಲ್ಲದಿದ್ದರೆ ಹೊಸ ಚೈನೇಜ್. ಇದು ಇನ್ನೂ ಡ್ರಾಫ್ಟ್ ಅಲ್ವಾ?

ಹಳ್ಳದ_ದಂಡೆ
ಡ್ರಾಫ್ಟ್. ಹೊಸ ಚೈನೇಜೇ ಮಾಡುತ್ತೇನೆ. ಈಗ ಕಲ್ವರ್ಟ್ 3+424.3.

ಇನ್ನೊಂದು ಕೇಳಲೇ? ಊರೊಳಗೆ 400 ಮೀಟರ್ ಇದೆ. ಅಲ್ಲಿ ಬರೀ ಮೇಲುಹೊದಿಕೆ. ಎಲ್ಲಾ ಪಿವಿಐ 90 ಮಿಮೀ ಏರಿಸು ಅಂದ್ರು. ಒಂದೊಂದೇ ಏರಿಸಬೇಕಾ?

ಎಂಎಕ್ಸ್_ಮಂದಿ
ರೇಸ್ ಲೋವರ್ ಪಿವಿಐ ಅಂತ ಬಟನ್ ಇದೆ, ಚೈನೇಜ್ ಇಲ್ಲಿಂದ ಇಲ್ಲಿವರೆಗೆ ಅಂತ ಕೊಟ್ಟರೆ ಅಷ್ಟೇ ಏರಿಸುತ್ತದೆ. ಒಂದು ನಿಮಿಷದ ಕೆಲಸ.

ಮಿಲಿಮೀಟರ್_ಶೀಟ್
ಬಟನ್ ಒತ್ತುವ ಮೊದಲು ಊರೊಳಗೆ ಒಮ್ಮೆ ನಡೆದು ಬಾ ತಮ್ಮಾ. ಹಾವೇರಿ ಕಡೆ ನಾನು ಕೆಲಸ ಮಾಡಿದ ಒಂದು ಊರಿನಲ್ಲಿ ಮೊದಲು ಮನೆಗೆ ಮೂರು ಮೆಟ್ಟಿಲು ಹತ್ತಿ ಹೋಗುತ್ತಿದ್ದರು. ಮೂರು ಸಲ ಡಾಂಬರು ಹಾಕಿದ ಮೇಲೆ ಮೆಟ್ಟಿಲೇ ಕಾಣಿಸಲಿಲ್ಲ. ಮಳೆ ಬಂದರೆ ನೀರು ಹೊಸ್ತಿಲು ದಾಟಿ ಒಳಗೆ. ಒಬ್ಬ ಅಜ್ಜಿ ನನ್ನನ್ನು ಕರೆದು ಪಡಸಾಲೆಯಲ್ಲಿ ನಿಲ್ಲಿಸಿ, ಜೋಳದ ಚೀಲ ಒದ್ದೆ ಆದದ್ದು ತೋರಿಸಿ, "ನಿನ್ನ ರಸ್ತಾ ಛಲೋ ಆಗೇತಿ ಸಾಹೇಬಾ, ನಮ್ಮ ಮನೀ ಕೆರಿ ಆಗೇತಿ" ಅಂದಳು. ಎರಡೂ ಬದಿ ಹೊಸ್ತಿಲ ಲೆವೆಲ್ ತೆಗೆದು ಪ್ರೊಫೈಲ್ ಮೇಲೆ ಚುಕ್ಕೆ ಹಾಕು. ಹೊಸ್ತಿಲಿಗಿಂತ ಮೇಲೆ ಹೋಗುವ ಕಡೆ ಹಳೇ ಡಾಂಬರು ಕೆರೆದು ತೆಗೆದು ಹಾಕಲಿ.

ಎರೆಮಣ್ಣು
ಇದನ್ನು ಪಿನ್ ಮಾಡಬೇಕು.

ಗಿರಮಿಟ್
ಪಿನ್ ಕಡಿಮೆ ಚುಚ್ಚಿ ಅಂತ ಅವರೇ ಹೇಳಿದರಲ್ಲ.

ರಾಣೆಬೆನ್ನೂರು_ರೋಲರ್
ನನಗೆ ಶುರುವಿನಿಂದ ಒಂದು ಸಂಶಯ. ಆ 631.250 ಅನ್ನೋ ಲೆವೆಲ್ ಯಾರು ತೆಗೆದದ್ದು? ಸ್ಟಾಫ್ (ಲೆವೆಲ್ ಅಳೆಯುವ ಕೋಲು) ಎಲ್ಲಿ ಇಟ್ಟಿದ್ದರು, ಸ್ಲ್ಯಾಬ್ ಮೇಲೋ, ಅಂಚಿನ ಕಟ್ಟೆ ಮೇಲೋ? ನೀವು ಇಲ್ಲಿ ಮೂರನೇ ದಶಾಂಶಕ್ಕೆ ಕುಸ್ತಿ ಹಿಡಿದಿದ್ದೀರಿ, ಅದಕ್ಕೆ ಕೇಳಿದೆ.

ಹಳ್ಳದ_ದಂಡೆ
ಸರ್ವೇ ಫೈಲಿನಲ್ಲಿ ಇದ್ದದ್ದು ತಗೊಂಡೆ. ನಾಳೆ ಹೇಗೂ ಹೊಸ್ತಿಲು ನೋಡಲು ಹೋಗಬೇಕು, ಆಟೋ ಲೆವೆಲ್ ಉಪಕರಣ ಒಯ್ದು ನೋಡಿ ಬರುತ್ತೇನೆ.

ಹೊಸ_ಡಿಗ್ರಿ
ಸರ್, ನಿಮ್ಮ ಆಫೀಸಿನಲ್ಲಿ ಫ್ರೆಶರ್ ತಗೋತಾರಾ?

ಗಿರಮಿಟ್
ಇವನ ಲೆಕ್ಕ ನೋಡಿದ ಮೇಲೆ ಇವನ ಕುರ್ಚಿ ಖಾಲಿ ಆಗಬಹುದು, ಕಾಯಿ.

ಹಳ್ಳದ_ದಂಡೆ
ಹೋಗಿ ಬಂದೆ. 5+100ರ ಕಡೆ 22 ಪಿವಿಐ ಇದ್ದದ್ದು 6 ಆಯಿತು, ಮಣ್ಣು ಅಕ್ಕ ಹೇಳಿದ ಹಾಗೆ ಅಷ್ಟೇನೂ ಏರಲಿಲ್ಲ. ಊರೊಳಗೆ 11 ಹೊಸ್ತಿಲು ತೆಗೆದೆ, 4 ಈಗಲೇ ರಸ್ತೆಗಿಂತ ಕೆಳಗೆ ಇವೆ. ಅಲ್ಲಿ ಕೆರೆಯೋದೇ ಗತಿ.

ಕಲ್ವರ್ಟ್ ಮಾತು. ಸ್ಲ್ಯಾಬ್ ನಡುವೆ ಸ್ಟಾಫ್ ಇಟ್ಟು ನೋಡಿದೆ, ರಸ್ತೆ ಲೆವೆಲ್ 631.095 ಬಂತು. ಮತ್ತೆ ನೋಡಿದೆ, ಅದೇ. ಅಂಚಿನ ಕಟ್ಟೆ ಮೇಲೆ ಇಟ್ಟೆ, 631.250. ರೋಲರ್ ಅಣ್ಣ ಹೇಳಿದ್ದೇ ನಿಜ. ಆಫೀಸಿಗೆ ಬಂದು, ಯಾರು ಈ ಪುಣ್ಯಾತ್ಮ ಅಂತ ಹಳೇ ಫೀಲ್ಡ್ ಬುಕ್ ತೆಗೆಸಿದೆ.

ನನ್ನದೇ ಅಕ್ಷರ.

ಗಿರಮಿಟ್
🙏🙏🙏 ಲೈನ್ ಬಜಾರಿನಿಂದ ಎರಡು ಕೆಜಿ ಫೇಡೆ ತರಬೇಕು ನೀನು, ಎಲ್ಲರಿಗೂ.

ಟಿನ್_ಸರ್ಫೇಸ್
631.095 ಆದ್ರೆ ಮತ್ತೆ ಎರಡು ಸುತ್ತು. ಈ ಸಲ ಲೆಕ್ಕ ನೀವೇ ಹಾಕಿ, ಉದ್ದ 80 ಸಾಲೋದಿಲ್ಲ ಅಂತ ಮಾತ್ರ ಹೇಳುತ್ತೇನೆ.